ವಾಯುಯುದ್ಧದಲ್ಲಿ ವ್ಯೂಹರಚನೆ

ಯುದ್ಧವು ಪ್ರಶಂಸೆಗೆ ಯೋಗ್ಯವಾದ ವಿಷಯವಲ್ಲ. ಆದರೆ ಅಧ್ಯಯನಕ್ಕೆ ಅಯೋಗ್ಯವಾದ ವಿಷಯವೂ ಅಲ್ಲ. ಮನುಷ್ಯನು ತಾನು ಕಲಿತ ಪಾಠವನ್ನು ಪ್ರಾಣವನ್ನೇ ಪಣವಾಗಿಟ್ಟು ಪರೀಕ್ಷಿಸಿಕೊಳ್ಳಬೇಕಾದ ಸ್ಥಳವೆಂದರೆ ರಣರಂಗ. ಅಲ್ಲಿ ತಪ್ಪು ಪಾಠಕ್ಕೆ ಕ್ಷಮೆಯಿಲ್ಲ. ಅನುತ್ತೀರ್ಣನಾದವನಿಗೆ ಮರುಪರೀಕ್ಷೆಯೂ ಇಲ್ಲ. 1939ರ ಸೆಪ್ಟೆಂಬರಿನಲ್ಲಿ ಆರಂಭವಾದ ಎರಡನೆಯ ಮಹಾಯುದ್ಧದ ಮೊದಲ ಎರಡು ವರ್ಷಗಳಲ್ಲಿ ಯೂರೋಪಿನ ಆಕಾಶದಲ್ಲಿ ನಡೆದ ಕಾಳಗಗಳನ್ನು ಈ ದೃಷ್ಟಿಯಿಂದ ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಬ್ರಿಟನ್ ಮತ್ತು ಜರ್ಮನಿಗಳ ಶ್ರೇಷ್ಠ ವಿಮಾನಗಳು ಬಹುಮಟ್ಟಿಗೆ ಸರಿಸಮಾನವಾಗಿದ್ದವು. ವೈಮಾನಿಕರ ಧೈರ್ಯಕ್ಕೆ ಎರಡು ಪಕ್ಷಗಳಲ್ಲಿಯೂ ಕೊರತೆಯಿರಲಿಲ್ಲ. ಆದರೂ ಆ ವಿಮಾನಗಳು ಒಂದರಿಂದ ಒಂದು ಎಷ್ಟು ದೂರದಲ್ಲಿ, ಯಾವ ಕ್ರಮದಲ್ಲಿ ಹಾರುತ್ತಿದ್ದವು ಎಂಬ ಅಲ್ಪವೆಂದು ತೋರುವ ವಿಷಯವೇ ಅನೇಕ ತರುಣರ ಅಳಿವು ಉಳಿವುಗಳನ್ನು ನಿರ್ಣಯಿಸಿತು.

ಸೈನ್ಯವನ್ನು ನಿಲ್ಲಿಸುವ ಕ್ರಮಕ್ಕೆ ವ್ಯೂಹವೆಂದು ಹೆಸರು. ಕೌಟಿಲ್ಯನು ಅರ್ಥಶಾಸ್ತ್ರದ 10ನೆಯ ಅಧಿಕರಣದಲ್ಲಿ ದಂಡ, ಭೋಗ, ಮಂಡಲ, ಅಸಂಹತ ಎಂದು ನಾಲ್ಕು ಮೂಲವ್ಯೂಹಗಳನ್ನು ಹೇಳಿದ್ದಾನೆ. ಕೋಲಿನಂತೆ ಅಡ್ಡಲಾಗಿ ನಿಲ್ಲುವುದು ದಂಡ. ಹಾವಿನಂತೆ ಒಬ್ಬರ ಹಿಂದೊಬ್ಬರು ಸಾಗುವುದು ಭೋಗ. ಎಲ್ಲ ದಿಕ್ಕುಗಳಿಗೂ ಮುಖಮಾಡಿ ಸುತ್ತುಗಟ್ಟುವುದು ಮಂಡಲ. ನಾಲ್ಕನೆಯದಾದ ಅಸಂಹತದಲ್ಲಿ ಅಂಗಗಳು ಒಂದಕ್ಕೊಂದು ಅಂಟಿಕೊಂಡಿರುವುದಿಲ್ಲ. ಬಿಡಿಬಿಡಿಯಾಗಿದ್ದರೂ ಒಂದೇ ಕಾರ್ಯದಲ್ಲಿ ತೊಡಗಿರುತ್ತವೆ. ಹತ್ತಿರ ಹತ್ತಿರ ನಿಂತ ಸೈನ್ಯವು ಬಲವಾದದ್ದೆಂದೂ ದೂರ ದೂರ ನಿಂತದ್ದು ದುರ್ಬಲವೆಂದೂ ಸಾಮಾನ್ಯರ ಕಣ್ಣಿಗೆ ತೋರುವುದು ಸಹಜ. ಆಕಾಶದಲ್ಲಿ ಈ ತೋರಿಕೆಯು ಹೇಗೆ ತಲೆಕೆಳಗಾಯಿತೆಂಬುದೇ ಪ್ರಸ್ತುತ ಲೇಖನದ ವಿಷಯ.

ಮೊದಲು ವಿಮಾನಗಳ ಸ್ವರೂಪವನ್ನು ತಿಳಿಯಬೇಕು. ಬ್ರಿಟನ್ನಿನ ಹರಿಕೇನ್ ವಿಮಾನವು 1935ರ ನವೆಂಬರಿನಲ್ಲಿ, ಸ್ಪಿಟ್‌ಫೈರ್ ವಿಮಾನವು 1936ರ ಮಾರ್ಚಿನಲ್ಲಿ ಮೊದಲು ಹಾರಿದವು. ಜರ್ಮನಿಯ ಮೆಸರ್‌ಸ್ಮಿಟ್ 109 ವಿಮಾನವು 1935ರಲ್ಲಿಯೇ ಹಾರಿತ್ತು. ಈ ಮೂರೂ ಒಂಟಿ ರೆಕ್ಕೆಯ, ಒಬ್ಬನೇ ಕುಳಿತು ನಡೆಸುವ ಕಾಳಗದ ವಿಮಾನಗಳು. ಸ್ಪಿಟ್‌ಫೈರ್ ಮತ್ತು ಮೆಸರ್‌ಸ್ಮಿಟ್ ಎರಡೂ ಗಂಟೆಗೆ ಸುಮಾರು 560 ಕಿಲೋಮೀಟರ್ ವೇಗವನ್ನು ಮುಟ್ಟುತ್ತಿದ್ದವು. ಹರಿಕೇನ್ ವೇಗದಲ್ಲಿ ಸ್ವಲ್ಪ ಹಿಂದಿದ್ದರೂ ಗಟ್ಟಿಮುಟ್ಟಾದ ವಿಮಾನವಾಗಿತ್ತು. ಬ್ರಿಟಿಷ್ ವಿಮಾನಗಳ ರೆಕ್ಕೆಗಳಲ್ಲಿ 8 ಮೆಷಿನ್ ಗನ್ನುಗಳಿದ್ದವು. ಅವುಗಳಲ್ಲಿದ್ದ ಗುಂಡುಗಳು ಎಡೆಬಿಡದೆ ಹಾರಿಸಿದರೆ ಸುಮಾರು 15 ಸೆಕೆಂಡುಗಳಲ್ಲಿ ಮುಗಿದುಹೋಗುತ್ತಿದ್ದವು. ಆ ಕಾಲದ ಮೆಸರ್‌ಸ್ಮಿಟ್ ವಿಮಾನಗಳಲ್ಲಿ ಹೆಚ್ಚಿನವು 2 ಮೆಷಿನ್ ಗನ್ನುಗಳನ್ನೂ 20 ಮಿಲಿಮೀಟರಿನ 2 ಫಿರಂಗಿಗಳನ್ನೂ ಹೊತ್ತಿದ್ದವು. ಅದರ ಎಂಜಿನ್ನಿಗೆ ಇಂಧನವು ನೇರವಾಗಿ ಒತ್ತಡದಿಂದ ಹೋಗುತ್ತಿದ್ದುದರಿಂದ ವಿಮಾನವು ಮೂಗನ್ನು ತಟ್ಟನೆ ಬಗ್ಗಿಸಿ ಕೆಳಕ್ಕೆ ಧುಮುಕಬಲ್ಲದಾಗಿತ್ತು. ಬ್ರಿಟಿಷ್ ವಿಮಾನಗಳ ಮರ್ಲಿನ್ ಎಂಜಿನ್ನಿನಲ್ಲಿ ಕಾರ್ಬ್ಯುರೇಟರ್ ಇದ್ದುದರಿಂದ ಹಾಗೆ ಧುಮುಕಿದಾಗ ಎಂಜಿನ್ ಕ್ಷಣಕಾಲ ತಡವರಿಸುತ್ತಿತ್ತು. ಈ ದೋಷಕ್ಕೆ 1941ರಲ್ಲಿ ಬಿಯಾಟ್ರಿಸ್ ಶಿಲ್ಲಿಂಗ್ ಎಂಬ ಮಹಿಳಾ ಎಂಜಿನಿಯರು ಸಣ್ಣ ರಂಧ್ರವುಳ್ಳ ಒಂದು ಲೋಹದ ಬಿಲ್ಲೆಯನ್ನು ಅಳವಡಿಸಿ ಸುಲಭವಾದ ಪರಿಹಾರವನ್ನು ಕಂಡುಹಿಡಿದರು. ಹೀಗೆ ಒಂದೊಂದು ವಿಮಾನಕ್ಕೆ ಒಂದೊಂದು ಗುಣವಿದ್ದರೂ ಒಟ್ಟಿನಲ್ಲಿ ಯಂತ್ರಗಳ ತೂಕ ಸಮವೆಂದೇ ಹೇಳಬೇಕು.

ಇನ್ನು ಪಾಠಪುಸ್ತಕದ ವಿಷಯ. ಯುದ್ಧಪೂರ್ವದಲ್ಲಿ ಬ್ರಿಟಿಷ್ ವಾಯುಸೇನೆಯು ತನ್ನ ಕಾಳಗದ ದಳಗಳಿಗೆ ನಿಶ್ಚಿತವಾದ ವಿಧಿಗಳನ್ನು ಬರೆದಿಟ್ಟಿತ್ತು. ಮೂರು ಮೂರು ವಿಮಾನಗಳು ಬಾಣದ ಮೊನೆಯ ಆಕಾರದಲ್ಲಿ, ರೆಕ್ಕೆಗೆ ರೆಕ್ಕೆ ತಾಗುವಷ್ಟು ಹತ್ತಿರದಲ್ಲಿ ಹಾರಬೇಕು. ಇದಕ್ಕೆ ‘ವಿಕ್’ ಎಂದು ಹೆಸರು. ಇಂತಹ ನಾಲ್ಕು ಬಾಣಮೊನೆಗಳು ಸೇರಿ 12 ವಿಮಾನಗಳ ಒಂದು ಸ್ಕ್ವಾಡ್ರನ್ ಆಗುತ್ತಿತ್ತು. ಶತ್ರುವಿನ ಬಾಂಬರ್ ವಿಮಾನವು ಕಂಡೊಡನೆ ನಾಯಕನು ಒಂದು ಸಂಖ್ಯೆಯನ್ನು ಕೂಗಿ ಆಜ್ಞೆ ಮಾಡುವನು. ಆ ಸಂಖ್ಯೆಯ ದಾಳಿಯ ವಿಧಿಗೆ ಅನುಸಾರವಾಗಿ ವಿಮಾನಗಳು ಸಾಲುಗೂಡಿ, ಒಂದೊಂದಾಗಿ ಮುಂದೆ ಬಂದು ಗುಂಡು ಹಾರಿಸಿ ಪಕ್ಕಕ್ಕೆ ಸರಿಯಬೇಕು. ವಾಯುಪ್ರದರ್ಶನಗಳಲ್ಲಿ ಈ ಶಿಸ್ತು ಅತ್ಯಂತ ಮನೋಹರವಾಗಿ ಕಾಣುತ್ತಿತ್ತು.

ಈ ವಿಧಿಗಳನ್ನು ರಚಿಸಿದವರು ಅವಿವೇಕಿಗಳಾಗಿರಲಿಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. ಜರ್ಮನಿಯ ನೆಲದಿಂದ ಹೊರಟ ಸಣ್ಣ ಕಾಳಗದ ವಿಮಾನವು ಇಂಗ್ಲೆಂಡಿನವರೆಗೆ ಬಂದು ಹೋರಾಡಿ ಹಿಂದಿರುಗುವುದು ಅಸಾಧ್ಯವಾಗಿತ್ತು. ಆದುದರಿಂದ ಬರುವುದಾದರೆ ಬೆಂಗಾವಲಿಲ್ಲದ ಬಾಂಬರ್ ವಿಮಾನಗಳು ಮಾತ್ರವೇ ಬರುತ್ತವೆಂದು ಅವರು ತರ್ಕಿಸಿದರು. ನೇರವಾಗಿ ಸಾಗುವ ಭಾರವಾದ ಬಾಂಬರನ್ನು ಕೆಡಹಲು ಅನೇಕ ಗನ್ನುಗಳ ಗುಂಡುಗಳು ಒಂದೆಡೆ ಸೇರಬೇಕು. ಇಂಗ್ಲೆಂಡಿನ ಮೋಡ ಕವಿದ ಆಕಾಶವನ್ನು ಭೇದಿಸಿ ಮೇಲೇರುವಾಗ ದಳವು ಚದುರಬಾರದು. ಈ ಎರಡು ಪ್ರಯೋಜನಗಳಿಗೂ ಬಿಗಿಯಾದ ಬಾಣಮೊನೆಯೇ ಯೋಗ್ಯವೆಂದು ಕಂಡಿತು. ತರ್ಕದಲ್ಲಿ ದೋಷವಿರಲಿಲ್ಲ, ಅದರ ಆಧಾರವಾದ ಊಹೆಯಲ್ಲಿ ದೋಷವಿತ್ತು. 1940ರ ಜೂನಿನಲ್ಲಿ ಫ್ರಾನ್ಸ್ ದೇಶವು ಸೋತು ಶರಣಾಗಲು ಆ ಊಹೆಯು ಬುಡಸಮೇತ ಉರುಳಿತು. ಇಂಗ್ಲೆಂಡಿನಿಂದ ಫ್ರಾನ್ಸನ್ನು ಬೇರ್ಪಡಿಸುವ ಕಡಲು ಡೋವರಿನ ಬಳಿ ಕೇವಲ 34 ಕಿಲೋಮೀಟರ್ ಅಗಲ. ಅದರ ಆಚೆ ದಡದಲ್ಲಿಯೇ ಮೆಸರ್‌ಸ್ಮಿಟ್ ವಿಮಾನಗಳು ಬೀಡುಬಿಟ್ಟವು.

ಬಿಗಿಯಾದ ಬಾಣಮೊನೆಯ ದೋಷವೇನು? ಮೂವರಲ್ಲಿ ಮುಂದಿನವನೊಬ್ಬನು ಮಾತ್ರ ಆಕಾಶವನ್ನು ನೋಡಬಲ್ಲನು. ಎಡಬಲಗಳ ಇಬ್ಬರು ನಾಯಕನ ರೆಕ್ಕೆಗೆ ತಮ್ಮ ರೆಕ್ಕೆ ತಾಗದಂತೆ ಅವನ ಮೇಲೆಯೇ ದೃಷ್ಟಿಯನ್ನು ನೆಟ್ಟಿರಬೇಕು. ತಿರುಗುವಾಗ ಹೊರಗಿನ ವಿಮಾನವು ವೇಗವನ್ನು ಹೆಚ್ಚಿಸಿ, ಒಳಗಿನದು ತಗ್ಗಿಸಿ ಸ್ಥಾನವನ್ನು ಕಾಯ್ದುಕೊಳ್ಳಬೇಕು. ಆರು ಕಣ್ಣುಗಳಲ್ಲಿ ನಾಲ್ಕು ಕಣ್ಣುಗಳು ಶತ್ರುವನ್ನು ಹುಡುಕುವ ಬದಲು ಮಿತ್ರನನ್ನು ಕಾಯುವುದರಲ್ಲಿಯೇ ವ್ಯಯವಾಗುತ್ತಿದ್ದವು. ವಾಯುಯುದ್ಧದಲ್ಲಿ ಹತನಾದವನು ಅನೇಕ ವೇಳೆ ತನ್ನನ್ನು ಕೊಂದವನನ್ನು ನೋಡಿಯೇ ಇರುವುದಿಲ್ಲ. ಸೂರ್ಯನ ಬೆಳಕನ್ನು ಬೆನ್ನಿಗೆ ಹಾಕಿಕೊಂಡು, ಮೇಲಿನಿಂದ, ಹಿಂಬದಿಯಿಂದ ಎರಗುವುದೇ ಅಲ್ಲಿನ ಮುಖ್ಯ ತಂತ್ರ. ಇದು ಹೊಸದಾದ ತತ್ತ್ವವೂ ಅಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಓಸ್ವಾಲ್ಟ್ ಬೋಲ್ಕೆ ಎಂಬ ಜರ್ಮನ್ ವೈಮಾನಿಕನು 1916ರಲ್ಲಿಯೇ ಇದನ್ನು ಸೂತ್ರಗಳ ರೂಪದಲ್ಲಿ ಬರೆದಿಟ್ಟಿದ್ದನು. ಅದೇ ವರ್ಷದ ಅಕ್ಟೋಬರಿನಲ್ಲಿ ತನ್ನವನದೇ ವಿಮಾನವು ತಾಗಿ ಆತನು ಮಡಿದನು. ಹತ್ತಿರ ಹಾರುವುದರ ಅಪಾಯಕ್ಕೆ ಆ ಮರಣವೂ ಒಂದು ನಿದರ್ಶನ.

ಜರ್ಮನರು ಈ ಪಾಠವನ್ನು ಮತ್ತೆ ಕಲಿತದ್ದು ಸ್ಪೇನಿನಲ್ಲಿ. 1936ರಿಂದ 1939ರವರೆಗೆ ನಡೆದ ಸ್ಪೇನಿನ ಅಂತರ್ಯುದ್ಧದಲ್ಲಿ ‘ಕಾಂಡರ್ ದಳ’ವೆಂಬ ಹೆಸರಿನಿಂದ ಜರ್ಮನ್ ವೈಮಾನಿಕರು ಜನರಲ್ ಫ್ರಾಂಕೋವಿನ ಪಕ್ಷದಲ್ಲಿ ಹೋರಾಡಿದರು. 1937ರ ಏಪ್ರಿಲಿನಲ್ಲಿ ಗೆರ್ನಿಕಾ ಪಟ್ಟಣದ ನಿರಪರಾಧಿ ಜನರ ಮೇಲೆ ಬಾಂಬುಗಳನ್ನು ಸುರಿದ ಕಳಂಕವೂ ಈ ದಳದ್ದೇ. 1938ರಲ್ಲಿ ಈ ದಳಕ್ಕೆ ಬಂದ 25 ವರ್ಷದ ವರ್ನರ್ ಮೋಲ್ಡರ್ಸ್ ಎಂಬ ಅಧಿಕಾರಿಯು ಹಳೆಯ ಬಾಣಮೊನೆಯನ್ನು ಕೈಬಿಟ್ಟನು. ಅವನ ವ್ಯವಸ್ಥೆಯ ಮೂಲಘಟಕವು ಮೂರು ವಿಮಾನಗಳಲ್ಲ, ಎರಡು. ಈ ಜೋಡಿಗೆ ‘ರೋಟ್ಟೆ’ ಎಂದು ಹೆಸರು. ಎರಡರ ನಡುವೆ ಸುಮಾರು 200 ಮೀಟರಿನ ಅಂತರ. ಒಬ್ಬನು ದಾಳಿ ಮಾಡುವವನು, ಇನ್ನೊಬ್ಬನು ಅವನ ಬೆನ್ನನ್ನು ಕಾಯುವವನು. ಇಂತಹ ಎರಡು ಜೋಡಿಗಳು ಕೂಡಿದರೆ ‘ಶ್ವಾರ್ಮ್’ ಎಂಬ ನಾಲ್ಕರ ವ್ಯೂಹವಾಗುತ್ತಿತ್ತು.

ಈ ವ್ಯೂಹದ ಆಕಾರವನ್ನು ತರಗತಿಯ ಮೇಜಿನ ಮೇಲೆಯೇ ತೋರಿಸಬಹುದು. ಬಲಗೈಯನ್ನು ಮೇಜಿನ ಮೇಲೆ ಚಾಚಿ ಹೆಬ್ಬೆರಳನ್ನು ಮಡಿಸಿದರೆ ಉಳಿದ ನಾಲ್ಕು ಬೆರಳುಗಳ ತುದಿಗಳೇ ನಾಲ್ಕು ವಿಮಾನಗಳ ಸ್ಥಾನಗಳು. ನಡುಬೆರಳು ನಾಯಕ, ತೋರುಬೆರಳು ಅವನ ರಕ್ಷಕ, ಉಂಗುರಬೆರಳು ಎರಡನೆಯ ಜೋಡಿಯ ಮುಖ್ಯಸ್ಥ, ಕಿರುಬೆರಳು ಅವನ ರಕ್ಷಕ. ನಾಲ್ಕೂ ಒಂದೇ ಎತ್ತರದಲ್ಲಿರದೆ ಸ್ವಲ್ಪ ಮೇಲೆ ಕೆಳಗೆ ಇರುತ್ತಿದ್ದವು. ನಡುವೆ ಸಾಕಷ್ಟು ಅವಕಾಶವಿದ್ದುದರಿಂದ ಡಿಕ್ಕಿಯ ಭಯವಿರಲಿಲ್ಲ. ನಾಲ್ವರೂ ಸುತ್ತಲೂ ನೋಡಬಹುದಾಗಿತ್ತು. ಬಲಗಡೆಯವನು ಎಡಗಡೆಯವನ ಹಿಂಬದಿಯನ್ನು, ಎಡಗಡೆಯವನು ಬಲಗಡೆಯವನ ಹಿಂಬದಿಯನ್ನು ಕಾಯುತ್ತಿದ್ದನು. ತಿರುಗುವಾಗ ಒಬ್ಬರ ದಾರಿಯನ್ನು ಒಬ್ಬರು ದಾಟಿ ಸ್ಥಾನಗಳನ್ನು ಬದಲಾಯಿಸಿಕೊಳ್ಳುತ್ತಿದ್ದುದರಿಂದ ವೇಗವನ್ನು ಹೆಚ್ಚು ಕಡಿಮೆ ಮಾಡುವ ತೊಡಕು ಇರಲಿಲ್ಲ. ದೂರದಿಂದ ನೋಡಿದರೆ ಇದು ಚದುರಿದ ಗುಂಪಿನಂತೆ ಕಾಣುತ್ತಿತ್ತು. ವಾಸ್ತವವಾಗಿ ಕೌಟಿಲ್ಯನ ಅಸಂಹತದಂತೆ ಬಿಡಿಯಾಗಿದ್ದೇ ಬಂಧಿತವಾದ ವ್ಯೂಹವಾಗಿತ್ತು. ಮಾತಿನ ಮೂಲಕ ಸಂಪರ್ಕವನ್ನಿಟ್ಟುಕೊಳ್ಳಲು ರೇಡಿಯೋ ಇದ್ದುದರಿಂದಲೇ ಇಷ್ಟು ದೂರದ ಒಕ್ಕೂಟ ಸಾಧ್ಯವಾಯಿತು.

ಬಿಗಿಯಾಗಿ ಸಾಗಿದರೆ ರಕ್ಷಣೆಯೆಂಬ ನಂಬಿಕೆಯು ಬಾಂಬರ್ ವಿಮಾನಗಳ ವಿಷಯದಲ್ಲಿಯೂ ಬಲವಾಗಿತ್ತು. ಅದರ ಪರೀಕ್ಷೆಯು 1939ರ ಡಿಸೆಂಬರ್ 18ರಂದು ಉತ್ತರ ಜರ್ಮನಿಯ ಹೆಲಿಗೋಲ್ಯಾಂಡ್ ಕೊಲ್ಲಿಯ ಮೇಲೆ ನಡೆಯಿತು. ಜರ್ಮನ್ ಯುದ್ಧನೌಕೆಗಳನ್ನು ಅರಸುತ್ತ ಹಗಲಿನಲ್ಲಿ ಹೊರಟ 24 ವೆಲ್ಲಿಂಗ್ಟನ್ ವಿಮಾನಗಳಲ್ಲಿ 2 ಅರ್ಧದಾರಿಯಿಂದ ಹಿಂದಿರುಗಿದವು, 22 ಮುಂದುವರಿದವು. ಒಂದರ ಗನ್ನು ಇನ್ನೊಂದನ್ನು ಕಾಯುವುದೆಂದು ಅವು ಒತ್ತಾಗಿ ಹಾರುತ್ತಿದ್ದವು. ಆದರೆ ಅವುಗಳ ಗನ್ನುಗಳು ಮುಂದಕ್ಕೂ ಹಿಂದಕ್ಕೂ ತಿರುಗುವಂತೆ ಪಕ್ಕಕ್ಕೆ ಸರಿಯಾಗಿ ತಿರುಗುತ್ತಿರಲಿಲ್ಲ. ಇಂಧನದ ತೊಟ್ಟಿಗಳಿಗೆ ಗುಂಡು ತಾಗಿದರೆ ತಾನೇ ಮುಚ್ಚಿಕೊಳ್ಳುವ ಹೊದಿಕೆಯೂ ಇರಲಿಲ್ಲ. ಜರ್ಮನರು ರೇಡಾರಿನಿಂದ ಮೊದಲೇ ಸುಳಿವನ್ನು ಪಡೆದು, ಪಕ್ಕದಿಂದ ಮೇಲೆ ಬಿದ್ದರು. 12 ವೆಲ್ಲಿಂಗ್ಟನ್‌ಗಳು ನಾಶವಾದವು. ಈ ಆಘಾತದ ತರುವಾಯ ಬ್ರಿಟಿಷರು ಭಾರಿ ಬಾಂಬರುಗಳ ಹಗಲಿನ ದಾಳಿಯನ್ನು ಬಹುಮಟ್ಟಿಗೆ ಬಿಟ್ಟು ರಾತ್ರಿಯನ್ನು ಆಶ್ರಯಿಸಿದರು. ಮುಂದೆ ನಗರಗಳ ಮೇಲೆ ಕತ್ತಲೆಯಲ್ಲಿ ನಡೆದ ಘೋರವಾದ ಬಾಂಬ್ ದಾಳಿಗಳಿಗೆ ಈ ತಿರುವು ಒಂದು ಕಾರಣವಾಯಿತು.

1940ರ ಮೇ ತಿಂಗಳಿನಲ್ಲಿ ಜರ್ಮನ್ ಸೈನ್ಯವು ಫ್ರಾನ್ಸಿಗೆ ನುಗ್ಗಿದಾಗ ಇನ್ನೊಂದು ಕಟುವಾದ ಪಾಠವಾಯಿತು. ಮೇ 14ರಂದು ಸೆಡಾನ್ ಪಟ್ಟಣದ ಬಳಿ ಮ್ಯೂಸ್ ನದಿಯ ಸೇತುವೆಗಳನ್ನು ಒಡೆಯಲು ಬ್ರಿಟಿಷರು ಕಳುಹಿಸಿದ 71 ವಿಮಾನಗಳಲ್ಲಿ ಸುಮಾರು 40 ಹಿಂದಿರುಗಲಿಲ್ಲ. ಅವುಗಳಲ್ಲಿ ಬಹುಪಾಲು ಮಂದಗತಿಯ, ಒಂದೇ ಎಂಜಿನ್ನಿನ ಬ್ಯಾಟಲ್ ಎಂಬ ವಿಮಾನಗಳು. ಸಾಹಸವು ಎಷ್ಟೇ ದೊಡ್ಡದಾದರೂ ಕಾಲಬಾಹಿರವಾದ ಸಾಧನದ ಕೊರತೆಯನ್ನು ಅದು ತುಂಬಲಾರದೆಂಬುದಕ್ಕೆ ಆ ದಿನವೇ ಸಾಕ್ಷಿ.

ಬ್ರಿಟನ್ನಿನ ಕಾಳಗವೆಂದು ಪ್ರಸಿದ್ಧವಾದ ಹೋರಾಟವು 1940ರ ಜುಲೈ 10ರಿಂದ ಅಕ್ಟೋಬರ್ 31ರವರೆಗೆ ನಡೆಯಿತೆಂದು ಬ್ರಿಟಿಷರ ಗಣನೆ. ಇಲ್ಲಿ ಬ್ರಿಟಿಷರ ಪಾಲಿಗೆ ಒಂದು ದೊಡ್ಡ ಬಲವಿತ್ತು. ಕಾಳಗದ ವಿಮಾನಪಡೆಯ ಮುಖ್ಯಸ್ಥರಾದ ಹ್ಯೂ ಡೌಡಿಂಗ್ ಅವರು ಕಡಲತೀರದ ರೇಡಾರ್ ಠಾಣೆಗಳನ್ನೂ ನೆಲದ ಮೇಲಿನ ವೀಕ್ಷಕರನ್ನೂ ದೂರವಾಣಿಯ ತಂತಿಗಳಿಂದ ಒಂದೇ ಜಾಲಕ್ಕೆ ಹೆಣೆದಿದ್ದರು. ಶತ್ರುವಿನ ಆಗಮನದ ಸುದ್ದಿಯು ಬೆಂಟ್ಲಿ ಪ್ರಯರಿ ಎಂಬಲ್ಲಿನ ಕೇಂದ್ರಕ್ಕೆ ಬಂದು, ಅಲ್ಲಿ ಶೋಧಿಸಲ್ಪಟ್ಟು, ನಿಮಿಷಗಳಲ್ಲಿ ವಿಮಾನನೆಲೆಗಳಿಗೆ ಮುಟ್ಟುತ್ತಿತ್ತು. ಆದುದರಿಂದ ವಿಮಾನಗಳು ಸದಾ ಗಸ್ತು ತಿರುಗಿ ಇಂಧನವನ್ನೂ ಆಯುಷ್ಯವನ್ನೂ ವ್ಯರ್ಥಮಾಡಬೇಕಾಗಿರಲಿಲ್ಲ. ನೆಲದ ಮೇಲಿನ ವ್ಯವಸ್ಥೆಯಲ್ಲಿ ಬ್ರಿಟಿಷರು ಜರ್ಮನರಿಗಿಂತ ಬಹು ಮುಂದಿದ್ದರು; ಆಕಾಶದ ವ್ಯೂಹದಲ್ಲಿ ಬಹು ಹಿಂದಿದ್ದರು.

ಬಾಣಮೊನೆಗಳಲ್ಲಿ ಸಾಲಾಗಿ ಬರುವ ಬ್ರಿಟಿಷ್ ವಿಮಾನಗಳನ್ನು ಜರ್ಮನ್ ವೈಮಾನಿಕರು ‘ಮೂರ್ಖರ ಸಾಲುಗಳು’ ಎಂದು ಕರೆಯುತ್ತಿದ್ದರು. ದೋಷವನ್ನು ಅರಿತ ಕೆಲವು ದಳಗಳು ಹಿಂಬದಿಯನ್ನು ಕಾಯಲು ಒಂದೆರಡು ವಿಮಾನಗಳನ್ನು ಅಡ್ಡಾದಿಡ್ಡಿಯಾಗಿ ಹಾರಲು ನೇಮಿಸಿದವು. ಆದರೆ ಎಲ್ಲರಿಗಿಂತ ಹಿಂದೆ ಒಂಟಿಯಾಗಿದ್ದ ಆ ಕಾವಲುಗಾರನೇ ಮೊದಲು ಬಲಿಯಾಗುತ್ತಿದ್ದನು. ಮುಂದಿನವರಿಗೆ ಅದು ತಿಳಿಯುತ್ತಲೂ ಇರಲಿಲ್ಲ. ಪುಸ್ತಕವು ಬಾಂಬರಿನ ಬಳಿ ಸೇರುವ ಕ್ರಮವನ್ನು ಕಲಿಸಿತ್ತು. ಮೇಲಿನಿಂದ ಮೆಸರ್‌ಸ್ಮಿಟ್‌ಗಳು ಎರಗಿದಾಗ ಹೊರಬರುವ ಕ್ರಮವನ್ನು ಕಲಿಸಿರಲಿಲ್ಲ. ಚಕ್ರವ್ಯೂಹವನ್ನು ಹೊಕ್ಕ ಅಭಿಮನ್ಯುವಿನ ಸ್ಥಿತಿಯೇ ಅನೇಕ ತರುಣರದಾಯಿತು. ಆ ಕಾಳಗದಲ್ಲಿ ಭಾಗವಹಿಸಿದ ಸುಮಾರು 3000 ವೈಮಾನಿಕರಲ್ಲಿ 544 ಮಂದಿ ಆ ಅವಧಿಯಲ್ಲಿಯೇ ಪ್ರಾಣವನ್ನು ತೆತ್ತರು. ಅವರಲ್ಲಿ ಬಹು ಮಂದಿ 20 ವರ್ಷದ ಆಸುಪಾಸಿನವರು.

ಹಾಗಾದರೆ ವಿಧಿಯನ್ನು ಕೂಡಲೇ ಏಕೆ ಬದಲಾಯಿಸಲಿಲ್ಲವೆಂಬ ಪ್ರಶ್ನೆ ಏಳುತ್ತದೆ. ಹೊಸ ವ್ಯೂಹವನ್ನು ಅಭ್ಯಾಸ ಮಾಡಲು ಬಿಡುವು ಬೇಕು; ದಿನಕ್ಕೆ ಮೂರು ನಾಲ್ಕು ಬಾರಿ ಹಾರಬೇಕಾಗಿದ್ದ ದಳಗಳಿಗೆ ಅದು ದೊರೆಯಲಿಲ್ಲ. ಕೆಲವೇ ವಾರಗಳ ತರಬೇತಿಯಿಂದ ಬಂದ ಹೊಸಬನಿಗೆ ನಾಯಕನನ್ನು ನೋಡುತ್ತ ಹಿಂಬಾಲಿಸುವುದೊಂದೇ ತಿಳಿದಿತ್ತು. ಆದರೂ ಅನುಭವಿಗಳು ತಮ್ಮ ತಮ್ಮ ಮಟ್ಟದಲ್ಲಿ ತಿದ್ದುಪಡಿಗಳನ್ನು ಮಾಡಿಕೊಂಡರು. ರೆಕ್ಕೆಗಳ ಗನ್ನುಗಳ ಗುಂಡುಗಳು 400 ಗಜಗಳ ದೂರದಲ್ಲಿ ಒಂದುಗೂಡುವಂತೆ ಮೊದಲಿನ ವ್ಯವಸ್ಥೆಯಿತ್ತು; ಅದನ್ನು 250 ಗಜಗಳಿಗೆ ಇಳಿಸಿದರು. ಹಿಂಬದಿಯನ್ನು ನೋಡಲು ಕನ್ನಡಿಯನ್ನು ಅಳವಡಿಸಿದರು. ತಲೆಯನ್ನು ಸತತವಾಗಿ ತಿರುಗಿಸುವುದರಿಂದ ಅಂಗಿಯ ಕೊರಳಪಟ್ಟಿ ಉಜ್ಜಿ ಕತ್ತು ಗಾಯವಾಗುತ್ತಿದ್ದುದರಿಂದ ರೇಷ್ಮೆಯ ವಸ್ತ್ರವನ್ನು ಸುತ್ತಿಕೊಂಡರು. ಜನರು ಶೋಕಿಯೆಂದು ಭಾವಿಸಿದ್ದ ಆ ವಸ್ತ್ರವು ಪ್ರಾಣರಕ್ಷಣೆಯ ಸಾಧನವಾಗಿತ್ತು. ದಕ್ಷಿಣ ಆಫ್ರಿಕದಿಂದ ಬಂದ ಅಡಾಲ್ಫ್ ಮಲಾನ್ ಎಂಬ ದಳನಾಯಕನು ಬಾಣಮೊನೆಯನ್ನು ಬಿಟ್ಟು ನಾಲ್ಕು ನಾಲ್ಕು ವಿಮಾನಗಳನ್ನು ಒಂದರ ಹಿಂದೊಂದು ನಡೆಸಿದನು. ಆತನು ವಾಯುಯುದ್ಧದ 10 ನಿಯಮಗಳನ್ನು ಬರೆದನು. ಅವು ಅನೇಕ ವಿಮಾನನೆಲೆಗಳ ಗೋಡೆಗಳನ್ನೇರಿದವು.

ಪರದೇಶದಿಂದ ಬಂದವರಿಂದಲೂ ಕಲಿಯುವುದಿತ್ತು. 1939ರಲ್ಲಿ ತಾಯ್ನಾಡನ್ನು ಕಳೆದುಕೊಂಡು, ಫ್ರಾನ್ಸಿನ ಮಾರ್ಗವಾಗಿ ಇಂಗ್ಲೆಂಡನ್ನು ಸೇರಿದ ಪೋಲೆಂಡಿನ ವೈಮಾನಿಕರಿಗೆ ಇಂಗ್ಲಿಷ್ ಬಾರದೆಂಬ ಕಾರಣದಿಂದ ಅಭ್ಯಾಸವೇ ಮುಂದುವರಿಯುತ್ತಿತ್ತು. 1940ರ ಆಗಸ್ಟ್ 30ರಂದು ಅವರ 303ನೆಯ ಸ್ಕ್ವಾಡ್ರನ್ನಿನ ಅಭ್ಯಾಸದ ಹಾರಾಟದಲ್ಲಿದ್ದ ಲುಡ್ವಿಕ್ ಪಾಶ್ಕಿಯೇವಿಚ್ ಎಂಬಾತನು ಶತ್ರುವನ್ನು ಕಂಡೊಡನೆ ಸಾಲನ್ನು ಬಿಟ್ಟುಹೋಗಿ ಒಂದು ಜರ್ಮನ್ ವಿಮಾನವನ್ನು ಉರುಳಿಸಿದನು. ಮರುದಿನವೇ ಆ ದಳವನ್ನು ಯುದ್ಧಕ್ಕೆ ನಿಯೋಜಿಸಲಾಯಿತು. ಸುತ್ತಲೂ ನೋಡುವ, ಅತಿ ಸಮೀಪಕ್ಕೆ ಹೋಗಿ ಗುಂಡು ಹಾರಿಸುವ ಅಭ್ಯಾಸವುಳ್ಳ ಆ ದಳವು ತಡವಾಗಿ ಬಂದರೂ ಹರಿಕೇನ್ ದಳಗಳಲ್ಲಿಯೇ ಅಗ್ರಸ್ಥಾನವನ್ನು ಪಡೆಯಿತು. ಪಾಶ್ಕಿಯೇವಿಚ್ ಸೆಪ್ಟೆಂಬರ್ 27ರಂದು ಯುದ್ಧದಲ್ಲಿ ಮಡಿದನು.

ಆಶ್ಚರ್ಯವೆಂದರೆ, ಬ್ರಿಟಿಷರು ಬಿಗಿಯನ್ನು ಸಡಿಲಿಸಲು ಕಲಿಯುತ್ತಿದ್ದ ಕಾಲಕ್ಕೆ ಜರ್ಮನರ ಅಧಿಪತಿಯು ಸಡಿಲವಾಗಿದ್ದದ್ದನ್ನು ಬಿಗಿಮಾಡಿದನು. ಬಾಂಬರುಗಳ ನಷ್ಟವು ಹೆಚ್ಚಿದುದರಿಂದ ಕಾಳಗದ ವಿಮಾನಗಳು ಅವುಗಳ ಮಗ್ಗುಲಲ್ಲಿಯೇ ಇರಬೇಕೆಂದು ಗೋರಿಂಗ್ ಆಜ್ಞಾಪಿಸಿದನು. ಮಂದವಾಗಿ ಸಾಗುವ ಬಾಂಬರುಗಳೊಡನೆ ಹೆಜ್ಜೆ ಹಾಕಲು ಮೆಸರ್‌ಸ್ಮಿಟ್‌ಗಳು ಸುತ್ತಿ ಬಳಸಿ ಹಾರಬೇಕಾಯಿತು. ಲಂಡನ್ನಿನ ಮೇಲೆ ಹತ್ತು ನಿಮಿಷಗಳಷ್ಟು ಹೊತ್ತು ಮಾತ್ರ ಹೋರಾಡಲು ಸಾಲುತ್ತಿದ್ದ ಇಂಧನವು ದಾರಿಯಲ್ಲಿಯೇ ಕರಗಿತು. ಎತ್ತರ, ವೇಗ, ಮೊದಲು ಎರಗುವ ಅವಕಾಶ ಈ ಮೂರನ್ನೂ ಅವು ಕಳೆದುಕೊಂಡವು. ರಕ್ಷಿಸಬೇಕೆಂಬ ಆತುರದಲ್ಲಿ ರಕ್ಷಕನ ಕೈಯನ್ನೇ ಕಟ್ಟಿದಂತಾಯಿತು. ಹೀಗೆ ಒಂದೇ ತಪ್ಪನ್ನು ಎರಡು ಪಕ್ಷಗಳೂ ಬೇರೆ ಬೇರೆ ಕಾಲಗಳಲ್ಲಿ ಮಾಡಿ ಬೆಲೆ ತೆತ್ತವು.

1941ರ ವಸಂತದಲ್ಲಿ ಇಂಗ್ಲೆಂಡಿನ ದಕ್ಷಿಣ ತೀರದ ಟ್ಯಾಂಗ್‌ಮಿಯರ್ ನೆಲೆಯಲ್ಲಿ ಡಗ್ಲಸ್ ಬೇಡರನ ನಾಯಕತ್ವದ ದಳಗಳು ಕೊನೆಗೂ ನಾಲ್ಕು ಬೆರಳುಗಳ ವ್ಯೂಹವನ್ನು ಪರೀಕ್ಷಿಸಿ ಸ್ವೀಕರಿಸಿದವು. ಅದನ್ನು ಸೂಚಿಸಿದವನು ಹ್ಯೂ ಡಂಡಾಸ್ ಎಂಬ 20 ವರ್ಷದ ತರುಣ. ಶತ್ರುವಿನದೆಂಬ ಸಂಕೋಚವನ್ನು ಬಿಟ್ಟು, ಕಿರಿಯನು ಹೇಳಿದನೆಂಬ ಅಸಡ್ಡೆಯನ್ನೂ ಬಿಟ್ಟು ಒಳ್ಳೆಯದನ್ನು ಗ್ರಹಿಸಿದ್ದು ಗಮನಾರ್ಹವಾದ ಸಂಗತಿ. ಕ್ರಮೇಣ ಈ ವ್ಯೂಹವು ಇತರ ದಳಗಳಿಗೂ ಹರಡಿತು. ಯುದ್ಧಾನಂತರ ಜೆಟ್ ವಿಮಾನಗಳ ಕಾಲದಲ್ಲಿಯೂ ಜಗತ್ತಿನ ಅನೇಕ ವಾಯುಸೇನೆಗಳಲ್ಲಿ ಎರಡರ ಜೋಡಿ ಮತ್ತು ನಾಲ್ಕರ ಗುಂಪು ಮೂಲಕ್ರಮವಾಗಿ ಉಳಿದವು.

ಅದೇ 1941ರ ಜೂನಿನಲ್ಲಿ ಬ್ರಿಟಿಷ್ ವಾಯುಸೇನೆಯ 129ನೆಯ ಸ್ಕ್ವಾಡ್ರನ್ ಯಾರ್ಕ್‌ಷೈರಿನಲ್ಲಿ ಪುನಃ ರಚಿತವಾಗಿ ಸ್ಪಿಟ್‌ಫೈರ್ ವಿಮಾನಗಳನ್ನು ಪಡೆಯಿತು. ಮೈಸೂರು ಸಂಸ್ಥಾನದ ಕೊಡುಗೆಯ ಸ್ಮರಣೆಗಾಗಿ ಅದಕ್ಕೆ ‘ಮೈಸೂರು ಸ್ಕ್ವಾಡ್ರನ್’ ಎಂದು ಹೆಸರಾಯಿತು. ಅದರ ಲಾಂಛನದಲ್ಲಿ ಮೈಸೂರಿನ ಗಂಡಭೇರುಂಡವು ನೆಲೆಗೊಂಡಿತು. ಒಂದೇ ಒಡಲಿನಲ್ಲಿ ಎರಡು ತಲೆಗಳನ್ನು ಹೊತ್ತು ಎರಡು ದಿಕ್ಕುಗಳಿಗೂ ದೃಷ್ಟಿಯನ್ನು ಹಾಯಿಸುವ ಆ ಪಕ್ಷಿಯು ಕನ್ನಡಿಗರಿಗೆ ಚಿರಪರಿಚಿತ. ಒಬ್ಬನ ಬೆನ್ನನ್ನು ಇನ್ನೊಬ್ಬನು ಕಾಯುವ ಜೋಡಿಯ ತತ್ತ್ವಕ್ಕೆ ಇದಕ್ಕಿಂತ ಯೋಗ್ಯವಾದ ಗುರುತು ದೊರೆಯುವುದು ಕಷ್ಟ.

ಈ ಇತಿಹಾಸದಿಂದ ವಿಧಿನಿಯಮಗಳು ವ್ಯರ್ಥವೆಂದು ತೀರ್ಮಾನಿಸಬಾರದು. ನಾಲ್ಕು ಬೆರಳುಗಳ ವ್ಯೂಹವೂ ಒಂದು ವಿಧಿಯೇ. ಅದಕ್ಕೂ ಕಠಿಣವಾದ ಅಭ್ಯಾಸ ಬೇಕು. ಭೇದವಿರುವುದು ಇಷ್ಟೇ: ಹಳೆಯ ವಿಧಿಯು ಒಬ್ಬನಿಗೆ ನೋಡಲು ಹೇಳಿ ಉಳಿದವರಿಗೆ ಅವನನ್ನು ಹಿಂಬಾಲಿಸಲು ಹೇಳಿತು, ಹೊಸದು ನಾಲ್ವರಿಗೂ ನೋಡಲು ಅವಕಾಶವಿತ್ತು, ಒಬ್ಬರ ಹೊಣೆಯನ್ನು ಒಬ್ಬರಿಗೆ ಒಪ್ಪಿಸಿತು. ನಿಯಮವು ಹುಟ್ಟಿದ ಕಾರಣವನ್ನು ಮರೆತು ನಿಯಮವನ್ನು ಮಾತ್ರ ಉರುಹೊಡೆದರೆ, ಕಾರಣವು ಇಲ್ಲವಾದ ದಿನ ಅದು ಕಾಯುವ ಬದಲು ಕೊಲ್ಲುತ್ತದೆ. ವಿದ್ಯೆಯನ್ನು ಕಲಿಸುವವರೂ ಕಲಿಯುವವರೂ ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ, ಆ ಆಕಾಶದಲ್ಲಿ ಅಕಾಲದಲ್ಲಿ ನಂದಿಹೋದ ತರುಣ ಜೀವಗಳಿಂದ ದೊರೆತ ಪಾಠವು ಶಾಂತಿಯ ಕಾಲದಲ್ಲಿಯೂ ಸಾರ್ಥಕವಾಗುವುದು.